ಮೀನುಗಾರಿಕೆ ಲೈಸೆನ್ಸನ್ನು ಸರ್ಕಾರಕ್ಕೆ ಮಾರುವಾಗ ನಿಮ್ಮ ಮಾಹಿತಿ ಕಾಪಾಡಿಕೊಳ್ಳುವುದು ಹೇಗೆ?

ಮೀನು ಕಡಿಮೆಯಾಗಿ, ಹಿಡಿಯುವ ಬೋಟುಗಳು ಜಾಸ್ತಿಯಾದಾಗ ಕೆಲವು ಸರ್ಕಾರಗಳು ಲೈಸೆನ್ಸ್ ಮರುಖರೀದಿ ಯೋಜನೆ ತರುತ್ತವೆ. ಮೀನುಗಾರರ ಕೈಯಲ್ಲಿರುವ ಲೈಸೆನ್ಸನ್ನು ದುಡ್ಡು ಕೊಟ್ಟು ಕೊಂಡು, ಶಾಶ್ವತವಾಗಿ ರದ್ದು ಮಾಡುತ್ತವೆ. ಕೆನಡಾ 1996ರಲ್ಲಿ ಪಶ್ಚಿಮ ಕರಾವಳಿಯ ಸಾಲ್ಮನ್ ಮೀನಿನ ಲೈಸೆನ್ಸ್‌ಗಳಿಗಾಗಿ 8 ಕೋಟಿ ಡಾಲರ್ ತೆಗೆದಿಟ್ಟಿತ್ತು. ಅದೇ ಕರಾವಳಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಇನ್ನೊಂದು ಯೋಜನೆ ಶುರುವಾಯಿತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2003ರಲ್ಲಿ ಸುಮಾರು 4.6 ಕೋಟಿ ಡಾಲರ್ ಕೊಟ್ಟು 91 ಬೋಟುಗಳನ್ನು ಮೀನುಗಾರಿಕೆಯಿಂದ ಹೊರಗೆ ತಂದರು. ಆಸ್ಟ್ರೇಲಿಯಾ 2005ರಲ್ಲಿ ಘೋಷಿಸಿದ ಯೋಜನೆ ಒಟ್ಟು 22 ಕೋಟಿ ಆಸ್ಟ್ರೇಲಿಯನ್ ಡಾಲರಿನದು.

ಇಂಥ ಯೋಜನೆಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಹೆದರುವುದು ಹೆಸರು, ಫೋನ್ ನಂಬರ್, ವಿಳಾಸ ಹೊರಗೆ ಹೋದೀತು ಅಂತ. ನನ್ನ ಪ್ರಕಾರ ಅದು ಚಿಕ್ಕ ಚಿಂತೆ. ಈ ವ್ಯವಹಾರದಲ್ಲಿ ನಿಜವಾಗಿ ಬೆಲೆಬಾಳುವ ಗುಟ್ಟು ಒಂದೇ: ಎಷ್ಟು ಹಣ ಸಿಕ್ಕರೆ ನೀವು ಲೈಸೆನ್ಸ್ ಬಿಟ್ಟುಕೊಡುತ್ತೀರಿ ಅನ್ನುವ ಮೊತ್ತ. ಅದು ಸರ್ಕಾರಿ ಕಚೇರಿಯಿಂದ ಕದ್ದುಹೋಗಬೇಕು ಅಂತೇನಿಲ್ಲ. ಎಲ್ಲರ ಕಣ್ಣೆದುರಿಗಿರುವ ನಾಲ್ಕು ಅಂಕಿಗಳನ್ನು ಕೂಡಿಸಿ ಕಳೆದರೆ ಸಾಕು, ಹೊರಗೆ ಬರುತ್ತದೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೂರು ಮತ್ತು ನಾಲ್ಕನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಈಗಾಗಲೇ ಏನೇನು ಬಯಲಾಗಿದೆ ಅಂತ ನೋಡಿಕೊಳ್ಳಿ

ಅರ್ಜಿ ಮುಟ್ಟುವ ಮೊದಲು ನಿಮ್ಮನ್ನು ನೀವೇ ಹುಡುಕಿ. ಬೋಟಿನ ಹೆಸರು, ನೋಂದಣಿ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಕಂಪನಿ ಇದ್ದರೆ ಅದರ ಹೆಸರು, ಒಂದೊಂದನ್ನೂ ಹಾಕಿ ನೋಡಿ. ಎಷ್ಟೋ ದೇಶಗಳಲ್ಲಿ ಬೋಟುಗಳ ಪಟ್ಟಿ ಸಾರ್ವಜನಿಕ. ಯುರೋಪಿಯನ್ ಒಕ್ಕೂಟದ ಮೀನುಗಾರಿಕಾ ಬೋಟುಗಳ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅಮೆರಿಕದಲ್ಲಿ ಕರಾವಳಿ ಕಾವಲು ಪಡೆಯಲ್ಲಿ ನೋಂದಾಯಿಸಿದ ಬೋಟುಗಳ ವಿವರವೂ ಹಾಗೆಯೇ.

ಲೈಸೆನ್ಸ್ ಖಾಸಗಿ ವಿಷಯ ಅಂತ ಭಾವಿಸುವುದು ಎಲ್ಲ ಕಡೆ ಸರಿಯಲ್ಲ. ಕೆನಡಾದ ಖಾಸಗಿತನ ಕಾಯ್ದೆಯಲ್ಲಿ ಬಹಳ ಜನ ಗಮನಿಸದ ಒಂದು ಸಾಲಿದೆ. ಸರ್ಕಾರ ತನ್ನ ವಿವೇಚನೆಯಿಂದ ಒಬ್ಬ ವ್ಯಕ್ತಿಗೆ ಕೊಟ್ಟ ಹಣಕಾಸಿನ ಲಾಭ, ಅದರಲ್ಲಿ ಲೈಸೆನ್ಸ್ ಕೊಡುವುದೂ ಸೇರಿ, ಅದರ ವಿವರ ಮತ್ತು ಪಡೆದವರ ಹೆಸರು ಮಾಹಿತಿ ಕೇಳಿ ಬಂದ ಅರ್ಜಿಗಳ ಮಟ್ಟಿಗೆ ‘ವೈಯಕ್ತಿಕ ಮಾಹಿತಿ’ ಅನ್ನಿಸಿಕೊಳ್ಳುವುದಿಲ್ಲ. ಅಂದರೆ ಕಾನೂನು ನಿಮ್ಮ ಹೆಸರನ್ನು ಮುಚ್ಚಿಡುತ್ತದೆ ಅಂತ ನಂಬಿ ಕೂರುವಂತಿಲ್ಲ.

ಬೋಟು ಎಲ್ಲಿ ಓಡಾಡುತ್ತದೆ ಅನ್ನುವುದನ್ನೂ ನೋಡಿ. ಎಐಎಸ್ ಅಂದರೆ ಬೋಟಿನ ಗುರುತು, ಇರುವ ಜಾಗವನ್ನು ರೇಡಿಯೊದಲ್ಲಿ ತಾನೇ ಸಾರುವ ಸಾಧನ. ಅದು ಇರುವ ಬೋಟಿನ ಸಂಕೇತವನ್ನು ಸುತ್ತಮುತ್ತ ಇರುವ ಯಾರು ಬೇಕಾದರೂ ಹಿಡಿಯಬಹುದು. ಯುರೋಪಿಯನ್ ಒಕ್ಕೂಟದಲ್ಲಿ 15 ಮೀಟರ್‌ಗಿಂತ ಉದ್ದದ ಮೀನುಗಾರಿಕಾ ಬೋಟುಗಳಿಗೆ ಅದು ಕಡ್ಡಾಯ. 2016ರಿಂದ ಗ್ಲೋಬಲ್ ಫಿಶಿಂಗ್ ವಾಚ್‌ನಂಥ ನಕ್ಷೆಗಳಲ್ಲಿ ಬೋಟುಗಳ ಓಡಾಟ ಸಾರ್ವಜನಿಕವಾಗಿಯೇ ಕಾಣುತ್ತಿದೆ. ಬೋಟು ಎಲ್ಲಿದೆ ಅಂತ ಇಲಾಖೆಗೆ ತಿಳಿಸುವ ವಿಎಂಎಸ್ ಪೆಟ್ಟಿಗೆ ಬೇರೆ. ಅದು ಇಲಾಖೆಗೆ ಮಾತ್ರ ಹೋಗುವ ಮಾಹಿತಿ, ಸಾಮಾನ್ಯವಾಗಿ ಗೌಪ್ಯ. ಇವೆರಡನ್ನೂ ಒಂದೇ ಅಂತ ಅಂದುಕೊಳ್ಳುವವರು ತುಂಬ ಜನ ಇದ್ದಾರೆ.

ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಯಾವುದನ್ನು ಕಾಯಬೇಕು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅನ್ನುವುದಕ್ಕೆ ಈ ಹಾಳೆ ಬೇಕಾಗುತ್ತದೆ.

ಹಂತ 2: ಅರ್ಜಿಯ ಸಣ್ಣಕ್ಷರ ಓದಿ, ಪ್ರಶ್ನೆ ಕೇಳಿ

ಅರ್ಜಿಯ ಕೊನೆಯ ಪುಟದಲ್ಲಿ ಖಾಸಗಿತನದ ಬಗ್ಗೆ ಒಂದು ಟಿಪ್ಪಣಿ ಇರುತ್ತದೆ. ಸಹಿ ಹಾಕುವ ಆತುರದಲ್ಲಿ ಅದನ್ನು ಯಾರೂ ಓದುವುದಿಲ್ಲ. ನೀವು ಓದಿ. ಈ ಪ್ರಶ್ನೆಗಳಿಗೆ ಉತ್ತರ ಇದೆಯೇ ನೋಡಿ:

- ಈ ಮಾಹಿತಿ ಯಾಕೆ ಬೇಕು, ಯಾವ ಕಾನೂನಿನ ಅಡಿಯಲ್ಲಿ ಕೇಳುತ್ತಿದ್ದಾರೆ?
- ಇಲಾಖೆ ಬಿಟ್ಟರೆ ಇನ್ಯಾರಿಗೆ ಹೋಗುತ್ತದೆ? ತೆರಿಗೆ ಇಲಾಖೆ, ಸಾಲ ಕೊಟ್ಟ ಬ್ಯಾಂಕ್, ಬೆಲೆ ಕಟ್ಟುವ ಖಾಸಗಿ ಸಂಸ್ಥೆ?
- ನನ್ನ ಬಿಡ್, ಅಂದರೆ ನಾನು ಕೇಳಿದ ಮೊತ್ತ, ಒಪ್ಪದಿದ್ದರೆ ಅರ್ಜಿಯನ್ನು ಏನು ಮಾಡುತ್ತಾರೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ?
- ಯೋಜನೆ ಮುಗಿದ ಮೇಲೆ ಏನನ್ನು ಪ್ರಕಟಿಸುತ್ತಾರೆ? ಹೆಸರಾ, ಬೋಟಿನ ಸಂಖ್ಯೆಯಾ, ಮೊತ್ತವಾ, ಬರೀ ಒಟ್ಟು ಮೊತ್ತವಾ?

ಉತ್ತರ ಇಲ್ಲದಿದ್ದರೆ ಫೋನ್ ಮಾಡಬೇಡಿ, ಲಿಖಿತವಾಗಿ ಕೇಳಿ. ಫೋನಿನಲ್ಲಿ ‘ಅದೆಲ್ಲ ಗೌಪ್ಯ ಸಾರ್’ ಅಂತ ಹೇಳಿದವರು ನಾಳೆ ಬೇರೆ ವಿಭಾಗಕ್ಕೆ ಹೋಗಿರುತ್ತಾರೆ. ಇಮೇಲ್ ಉಳಿಯುತ್ತದೆ.

ಬೇರೆ ಬೇರೆ ದೇಶದಲ್ಲಿ ನಿಮ್ಮ ಬೆನ್ನಿಗಿರುವ ಕಾನೂನು ಬೇರೆ. ಆಸ್ಟ್ರೇಲಿಯಾದಲ್ಲಿ 1988ರ ಖಾಸಗಿತನ ಕಾಯ್ದೆ ಮತ್ತು ಅದರ 13 ತತ್ವಗಳಿವೆ. ಮಾಹಿತಿ ತೆಗೆದುಕೊಳ್ಳುವಾಗಲೇ ಯಾಕೆ ಅಂತ ತಿಳಿಸಬೇಕು ಅನ್ನುವುದು ಅದರಲ್ಲಿ ಒಂದು. ಯುರೋಪಿನಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣೆಯ ಕಾನೂನು ಜಾರಿಯಲ್ಲಿದೆ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಕೇಳಬೇಕು, ಬೇಕಾದಷ್ಟು ಕಾಲ ಮಾತ್ರ ಇಟ್ಟುಕೊಳ್ಳಬೇಕು ಅನ್ನುತ್ತದೆ ಅದು. ದೊಡ್ಡ ಯೋಜನೆ ಶುರು ಮಾಡುವ ಮೊದಲು ಇಲಾಖೆಗಳು ‘ಖಾಸಗಿತನದ ಪರಿಣಾಮ ಪರಿಶೀಲನೆ’ ಅಂತ ಒಂದು ವರದಿ ಮಾಡಿಸುವುದುಂಟು. ಅದರ ಪ್ರತಿ ಇದೆಯೇ ಅಂತ ಕೇಳಿ. ಕೇಳಿದ್ದಕ್ಕೇ ಕೆಲವು ಸಲ ಕಚೇರಿ ಎಚ್ಚೆತ್ತುಕೊಳ್ಳುತ್ತದೆ.

ಇನ್ನೊಂದು: ಅರ್ಜಿಯಲ್ಲಿ ‘ಸಂಶೋಧನೆಗೆ ಬಳಸಲು ಒಪ್ಪಿಗೆ’ ಅಂತ ಒಂದು ಚೌಕ ಮೊದಲೇ ಗುರುತಾಗಿರಬಹುದು. ಲೈಸೆನ್ಸ್ ಮಾರುವುದಕ್ಕೂ ಆ ಒಪ್ಪಿಗೆಗೂ ಸಂಬಂಧ ಇಲ್ಲ. ಕಡ್ಡಾಯ ಅಂತ ಬರೆದಿಲ್ಲದಿದ್ದರೆ ಗುರುತು ತೆಗೆಯಿರಿ.

ಹಂತ 3: ನಿಮ್ಮ ಬಿಡ್ ಮೊತ್ತವನ್ನು ಕಾಯಿರಿ

ಬಹುತೇಕ ಮರುಖರೀದಿ ಯೋಜನೆಗಳು ಹಿಮ್ಮುಖ ಹರಾಜಿನ ರೀತಿ ನಡೆಯುತ್ತವೆ. ಮಾಮೂಲಿ ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೆ ವಸ್ತು ಸಿಗುತ್ತದೆ. ಇಲ್ಲಿ ಉಲ್ಟಾ. ‘ಇಷ್ಟು ಕೊಟ್ಟರೆ ಬಿಡುತ್ತೇನೆ’ ಅಂತ ಪ್ರತಿಯೊಬ್ಬರೂ ಬರೆದುಕೊಡುತ್ತಾರೆ. ಕಡಿಮೆ ಕೇಳಿದವರಿಂದ ಶುರು ಮಾಡಿ, ದುಡ್ಡು ಮುಗಿಯುವವರೆಗೆ ಸರ್ಕಾರ ಕೊಳ್ಳುತ್ತಾ ಹೋಗುತ್ತದೆ.

ಇದರಲ್ಲಿ ನಿಮ್ಮ ಮೊತ್ತ ಪಕ್ಕದ ಬೋಟಿನವರಿಗೆ ಗೊತ್ತಾದರೆ ಅವರು ಸ್ವಲ್ಪ ಕೆಳಗೆ ಹಾಕಿ ಮುಂದೆ ಹೋಗುತ್ತಾರೆ. ಲೈಸೆನ್ಸನ್ನು ಖಾಸಗಿಯಾಗಿ ಕೊಳ್ಳಲು ಕಾಯುತ್ತಿರುವ ದಲ್ಲಾಳಿಗೆ ಗೊತ್ತಾದರೆ, ನಾಳೆ ಅವನು ಅದೇ ಮೊತ್ತದಿಂದ ಚೌಕಾಸಿ ಶುರು ಮಾಡುತ್ತಾನೆ. ಸಾಲ ಕೊಟ್ಟವರಿಗೆ ಗೊತ್ತಾದರೆ ಹಣ ಬರುವ ಮೊದಲೇ ಬಾಗಿಲಿಗೆ ಬರುತ್ತಾರೆ.

ಸೋತ ಬಿಡ್‌ನ ಕಥೆ ಇನ್ನೂ ಕೆಟ್ಟದ್ದು. ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮೊದಲ ಸುತ್ತಿನಲ್ಲಿ ನೀವು ಒಂದು ಮೊತ್ತ ಕೇಳಿದಿರಿ, ಅದು ಜಾಸ್ತಿ ಆಯಿತು, ತಿರಸ್ಕರಿಸಿದರು. ನಿಮ್ಮ ಲೈಸೆನ್ಸ್ ನಿಮ್ಮ ಹತ್ತಿರವೇ ಇದೆ. ಆದರೆ ನೀವು ಎಷ್ಟಕ್ಕೆ ಒಪ್ಪುತ್ತೀರಿ ಅನ್ನುವುದು ಈಗ ಕೊಳ್ಳುವವರ ಕಡತದಲ್ಲಿದೆ. ಎರಡನೇ ಸುತ್ತು ಬಂದಾಗ ಅದೇ ಕಚೇರಿ ಎಷ್ಟು ಹಣ ತೆಗೆದಿಡಬೇಕು ಅಂತ ಲೆಕ್ಕ ಹಾಕಲು ಕೂತರೆ, ಮೊದಲ ಸುತ್ತಿನ ಬಿಡ್‌ಗಳು ಮುಂದೆ ಇರುತ್ತವೆ. ಹಾಗಾಗಿ ಎರಡನೇ ಹಂತದಲ್ಲಿ ಕೇಳಲು ಹೇಳಿದ ಮೂರನೇ ಪ್ರಶ್ನೆ ಬಹಳ ಮುಖ್ಯ. ‘ತಿರಸ್ಕೃತ ಬಿಡ್‌ಗಳನ್ನು ಮುಂದಿನ ಸುತ್ತಿನ ಬೆಲೆ ನಿರ್ಧಾರಕ್ಕೆ ಬಳಸುತ್ತೀರಾ?’ ಅಂತ ನೇರವಾಗಿಯೇ ಬರೆದು ಕೇಳಿ.

ಏನು ಮಾಡಬೇಕು ಅಂದರೆ:

ಮೊತ್ತವನ್ನು ಕೊನೆಯಲ್ಲಿ ತುಂಬಿ. ಅರ್ಜಿಯ ಉಳಿದ ಭಾಗಕ್ಕೆ ಸಹಾಯ ಬೇಕಾದರೆ ಸಂಘದವರ ಹತ್ತಿರವೋ ಗೊತ್ತಿದ್ದವರ ಹತ್ತಿರವೋ ಕೇಳಿ. ಆದರೆ ಮೊತ್ತದ ಜಾಗ ಖಾಲಿ ಇರುವ ಪ್ರತಿಯನ್ನೇ ತೋರಿಸಿ. ಬೆಲೆಯ ಬಗ್ಗೆ ಸಲಹೆ ಬೇಕೇ ಬೇಕು ಅಂದರೆ ಲೆಕ್ಕಪರಿಶೋಧಕರು ಅಥವಾ ವಕೀಲರನ್ನು ಕೇಳಿ, ಅವರಿಗೆ ವೃತ್ತಿಯ ಕಟ್ಟುಪಾಡು ಇರುತ್ತದೆ. ಅವರನ್ನೂ ಮೊದಲು ಒಂದು ಮಾತು ಕೇಳಬೇಕು: ಇದೇ ಸುತ್ತಿನಲ್ಲಿ ಬಿಡ್ ಹಾಕುವ ಬೇರೆ ಯಾರಿಗಾದರೂ ನೀವು ಕೆಲಸ ಮಾಡುತ್ತಿದ್ದೀರಾ? ಸಣ್ಣ ಬಂದರಿನಲ್ಲಿ ಎಲ್ಲರ ಲೆಕ್ಕವನ್ನೂ ಒಬ್ಬರೇ ಬರೆಯುವುದು ಮಾಮೂಲು.

ಮೀನು ಕೊಳ್ಳುವ ಕಂಪನಿಯವರ ಹತ್ತಿರ ಸುಮ್ಮನೆ ಮಾತಿಗೂ ಹೇಳಬೇಡಿ. ನೀವು ಎಷ್ಟು ಮೀನು ಮಾರಿದಿರಿ ಅನ್ನುವುದು ಅವರಿಗೆ ಮೊದಲೇ ಗೊತ್ತು. ಅದರ ಪಕ್ಕದಲ್ಲಿ ಬಿಡ್ ಮೊತ್ತವೂ ಸೇರಿದರೆ ನಿಮ್ಮ ಇಡೀ ಪರಿಸ್ಥಿತಿ ಅವರ ಕೈಗೆ ಸಿಕ್ಕಂತೆ.

‘ಎಲ್ಲರೂ ಮಾತಾಡಿಕೊಂಡು ಒಂದೇ ಬೆಲೆ ಹಾಕೋಣ’ ಅಂತ ಯಾರಾದರೂ ವಾಟ್ಸಾಪ್ ಗುಂಪು ಮಾಡಿದರೆ ಅದರಿಂದ ಹೊರಗೆ ಬನ್ನಿ. ಗುಟ್ಟು ಹೋಗುವುದು ಒಂದು ಕಡೆಯಾದರೆ, ಬಿಡ್‌ದಾರರು ಒಳಗೊಳಗೇ ಬೆಲೆ ನಿಗದಿ ಮಾಡಿಕೊಳ್ಳುವುದು ಹಲವು ದೇಶಗಳಲ್ಲಿ ಅಪರಾಧ. ಆ ಗುಂಪಿನಲ್ಲಿ ಸುಮ್ಮನೆ ಕೂತಿದ್ದೆ ಅಂದರೂ ಆಮೇಲೆ ವಿವರಣೆ ಕೊಡುವ ಕಷ್ಟ ನಿಮ್ಮದೇ.

ಹಂತ 4: ಹೆಸರಿಲ್ಲದ ಅಂಕಿಗಳನ್ನು ನಂಬಬೇಡಿ

‘ನಾವು ಯಾರ ಹೆಸರನ್ನೂ ಪ್ರಕಟಿಸುವುದಿಲ್ಲ, ಒಟ್ಟು ಅಂಕಿಅಂಶ ಮಾತ್ರ’ ಅಂತ ಇಲಾಖೆ ಹೇಳಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಸಾವಿರಾರು ಜನ ಇರುವ ಕಡೆ ಅದು ಸಾಕು ಕೂಡ. ಆದರೆ ಮೀನುಗಾರಿಕೆಯಲ್ಲಿ ಒಂದು ಕೊಲ್ಲಿ, ಒಂದು ಬಗೆಯ ಬಲೆ, ಒಂದು ಜಾತಿಯ ಮೀನು ಅಂತ ಬೇರ್ಪಡಿಸಿದರೆ ಉಳಿಯುವವರು ಬೆರಳೆಣಿಕೆಯಷ್ಟು. ಆಸ್ಟ್ರೇಲಿಯಾದ ಗಿಪ್ಸ್‌ಲ್ಯಾಂಡ್ ಲೇಕ್ಸ್‌ನಲ್ಲಿ 2020ರಲ್ಲಿ ವಾಣಿಜ್ಯ ಬಲೆ ಮೀನುಗಾರಿಕೆ ನಿಲ್ಲಿಸಿದಾಗ ಅಲ್ಲಿದ್ದದ್ದು ಕೇವಲ 10 ಲೈಸೆನ್ಸ್. ಹತ್ತು ಜನರ ಊರಿನಲ್ಲಿ ಹೆಸರು ಅಳಿಸಿ ಏನು ಪ್ರಯೋಜನ, ಅಲ್ವಾ?

ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ಪ್ರದೇಶದಲ್ಲಿ 4 ಲೈಸೆನ್ಸ್ ಕೊಂಡೆವು, ಒಟ್ಟು 200 ಸಾವಿರ ಕೊಟ್ಟೆವು ಅಂತ ಪ್ರಕಟಣೆ ಬಂತು. ಇಬ್ಬರು ಖುಷಿಯಲ್ಲಿ ಹೇಳಿಕೊಂಡಿದ್ದಾರೆ: ಒಬ್ಬರಿಗೆ 45, ಇನ್ನೊಬ್ಬರಿಗೆ 60. ಉಳಿದದ್ದು 95. ಮೂರನೆಯವರಿಗೆ ತಮಗೆ ಸಿಕ್ಕಿದ್ದು 40 ಅಂತ ಗೊತ್ತೇ ಇದೆ. ನಾಲ್ಕನೆಯವರು ಬಾಯಿಬಿಡದಿದ್ದರೂ ಅವರದು 55 ಅಂತ ಮೂರನೆಯವರಿಗೆ ತಿಳಿದುಹೋಯಿತು.

ಇನ್ನೊಂದು ದಾರಿ ಇದೆ. ಎರಡು ಪ್ರಕಟಣೆಗಳ ನಡುವಿನ ವ್ಯತ್ಯಾಸ. ಒಂದು ತಿಂಗಳ ವರದಿಯಲ್ಲಿ ‘6 ಲೈಸೆನ್ಸ್, 330 ಸಾವಿರ’. ಮುಂದಿನ ತಿಂಗಳು ‘7 ಲೈಸೆನ್ಸ್, 392 ಸಾವಿರ’. ಏಳನೆಯವರಿಗೆ 62 ಸಿಕ್ಕಿದೆ. ಆ ತಿಂಗಳು ಯಾರ ಬೋಟು ದಡಕ್ಕೆ ಬಂತು ಅಂತ ಬಂದರಿನಲ್ಲಿ ಎಲ್ಲರಿಗೂ ಗೊತ್ತು. ಒಂದೊಂದೇ ವರದಿ ಸುರಕ್ಷಿತ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಯಲು.

ಈ ತೊಂದರೆ ತಪ್ಪಿಸಲು ಅಮೆರಿಕದ ಮೀನುಗಾರಿಕೆ ಅಂಕಿಅಂಶಗಳಲ್ಲಿ ‘ಮೂವರ ನಿಯಮ’ ಬಳಸುತ್ತಾರೆ. ಕನಿಷ್ಠ ಮೂವರ ಮಾಹಿತಿ ಸೇರದಿದ್ದರೆ ಆ ಅಂಕಿಯನ್ನು ಹೊರಗೆ ಬಿಡುವುದಿಲ್ಲ. ಮೂರೇ ಯಾಕೆ? ಇಬ್ಬರೇ ಇದ್ದರೆ ಒಟ್ಟು ಮೊತ್ತದಿಂದ ತನ್ನದನ್ನು ಕಳೆದರೆ ಇನ್ನೊಬ್ಬರದು ಸಿಕ್ಕಿಬಿಡುತ್ತದೆ. ಮೂವರಿದ್ದರೆ ಯಾರಿಗೂ ಉಳಿದಿಬ್ಬರ ಮೊತ್ತ ಬೇರೆ ಬೇರೆಯಾಗಿ ಸಿಗುವುದಿಲ್ಲ. ಆದರೆ ಆ ಮೂವರಲ್ಲಿ ಇಬ್ಬರು ಅಣ್ಣತಮ್ಮಂದಿರೋ ಪಾಲುದಾರರೋ ಆಗಿದ್ದರೆ ಮೂರನೆಯವರ ಕಥೆ ಮುಗಿಯಿತು. ಹಾಗೆಯೇ ಮೂವರಲ್ಲಿ ಒಬ್ಬರದು ಬಹಳ ದೊಡ್ಡ ಬೋಟಾಗಿದ್ದರೆ ಒಟ್ಟು ಮೊತ್ತವೇ ಹೆಚ್ಚುಕಡಿಮೆ ಅವರ ಮೊತ್ತ. ನಿಯಮ ಒಳ್ಳೆಯದೇ. ಸಣ್ಣ ಬಂದರಿಗೆ ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಬಿಡ್ ಅಳೆಯುವ ವಿಧಾನದಿಂದಲೂ ಮಾಹಿತಿ ಸೋರುತ್ತದೆ. 2003ರ ಅಮೆರಿಕದ ಯೋಜನೆಯಲ್ಲಿ ಬರೀ ಮೊತ್ತ ನೋಡಲಿಲ್ಲ. ಬಿಡ್ ಮೊತ್ತವನ್ನು ಆ ಬೋಟಿನ ಹಿಂದಿನ ವರ್ಷಗಳ ಮೀನಿನ ಆದಾಯದಿಂದ ಭಾಗಿಸಿ ಅಂಕ ಕೊಟ್ಟರು. ಅಂಕ ಕಡಿಮೆ ಇದ್ದವರನ್ನು ಮೊದಲು ತೆಗೆದುಕೊಂಡರು. ವಿಧಾನ ನ್ಯಾಯವಾದದ್ದೇ. ಆದರೆ ಇಂಥ ಕಡೆ ಕೊನೆಗೆ ಒಪ್ಪಿದ ಅಂಕ ಎಷ್ಟು ಅಂತ ಹೊರಗೆ ಬಂದರೆ ಏನಾಗುತ್ತದೆ ನೋಡಿ. ಅದು 0.8 ಅಂತ ಇಟ್ಟುಕೊಳ್ಳಿ. ನಿಮ್ಮ ಆದಾಯ 100 ಸಾವಿರ ಅಂತ ಮೀನು ಕೊಳ್ಳುವವರಿಗೆ ಗೊತ್ತು. ನಿಮ್ಮದು ಒಪ್ಪಿಗೆಯಾಗಿದೆ ಅಂದರೆ ನೀವು ಕೇಳಿದ್ದು 80ಕ್ಕಿಂತ ಜಾಸ್ತಿ ಅಲ್ಲ. ಆಗಿಲ್ಲ ಅಂದರೆ 80ಕ್ಕಿಂತ ಜಾಸ್ತಿ ಕೇಳಿದ್ದೀರಿ.

ನಿಮ್ಮ ಕೈಯಲ್ಲಿ ಏನಿದೆ? ಅರ್ಜಿ ಹಾಕುವ ಮೊದಲು, ಸಾಧ್ಯವಾದರೆ ಸಂಘದ ಮೂಲಕ, ಇಲಾಖೆಗೆ ಬರೆದು ಇವಿಷ್ಟನ್ನು ಕೇಳಬಹುದು. ಪ್ರದೇಶವಾರು ಅಂಕಿ ಬೇಡ, ಹಲವು ಪ್ರದೇಶ ಸೇರಿಸಿ ಪ್ರಕಟಿಸಿ. ತಿಂಗಳು ತಿಂಗಳೂ ಬೇಡ, ಸುತ್ತು ಪೂರ್ತಿ ಮುಗಿದ ಮೇಲೆ ಒಂದೇ ಸಲ ಪ್ರಕಟಿಸಿ. ಅತಿ ಜಾಸ್ತಿ ಮತ್ತು ಅತಿ ಕಡಿಮೆ ಮೊತ್ತ ಹಾಕಬೇಡಿ, ಅವೆರಡೂ ಒಬ್ಬೊಬ್ಬ ವ್ಯಕ್ತಿಯ ನಿಜವಾದ ಬಿಡ್. ಆ ಕೊನೆಯ ಮಾತನ್ನು ಎಷ್ಟೋ ಅಧಿಕಾರಿಗಳು ಯೋಚಿಸಿಯೇ ಇರುವುದಿಲ್ಲ. ‘ಬಿಡ್‌ಗಳು ಇಷ್ಟರಿಂದ ಇಷ್ಟರವರೆಗೆ ಇದ್ದವು’ ಅಂತ ವರದಿಯಲ್ಲಿ ಸಹಜವಾಗಿ ಬರೆದುಬಿಡುತ್ತಾರೆ.

ಮತ್ತೆ, ನಿಮಗೆ ಎಷ್ಟು ಸಿಕ್ಕಿತು ಅಂತ ನೀವು ಹೇಳಿಕೊಂಡರೆ ಅದು ನಿಮ್ಮೊಬ್ಬರ ಗುಟ್ಟು ಮಾತ್ರ ಅಲ್ಲ. ಮೇಲಿನ ಲೆಕ್ಕದಲ್ಲಿ ನಾಲ್ಕನೆಯವರನ್ನು ಬಯಲು ಮಾಡಿದ್ದು ಮೊದಲ ಇಬ್ಬರು.

ಹಂತ 5: ದಾಖಲೆ ಕೊಡುವಾಗ ಬೇಕಾದಷ್ಟೇ ಕೊಡಿ

ಬ್ಯಾಂಕ್ ಖಾತೆ ನಿಮ್ಮದು ಅಂತ ತೋರಿಸಲು ಖಾತೆ ಸಂಖ್ಯೆ, ಹೆಸರು ಇರುವ ಮೊದಲ ಪುಟ ಸಾಕು. ಮೂರು ತಿಂಗಳ ಪೂರ್ತಿ ವಹಿವಾಟು ಕೊಡಬೇಕಿಲ್ಲ. ಕೇಳಿದರೆ ಯಾಕೆ ಅಂತ ಕೇಳಿ. ತೆರಿಗೆ ಪತ್ರಗಳಲ್ಲಿ ಮೀನುಗಾರಿಕೆಗೆ ಸಂಬಂಧಿಸದ ಭಾಗ, ಅಂದರೆ ಮನೆಯವರ ಸಂಬಳ, ಆಸ್ತಿಯ ಬಾಡಿಗೆ ಇಂಥವನ್ನು ಮರೆಮಾಡಿ ಕೊಡಬಹುದೇ ಅಂತ ಮೊದಲೇ ಕೇಳಿಕೊಳ್ಳಿ.

ಲಾಗ್‌ಬುಕ್ ಪ್ರತಿ ಕೇಳಿದರೆ ಸ್ವಲ್ಪ ನಿಲ್ಲಿ. ಅದರಲ್ಲಿ ಯಾವ ದಿನ, ಎಲ್ಲಿ ಬಲೆ ಬಿಟ್ಟಿರಿ, ಎಷ್ಟು ಸಿಕ್ಕಿತು ಎಲ್ಲ ಇರುತ್ತದೆ. ಒಂದು ಜೀವಮಾನದ ಅನುಭವ ಅದು. ಇಲಾಖೆಗೆ ಈ ಮಾಹಿತಿ ಮೊದಲೇ ಹೋಗಿರುತ್ತದೆ, ಹಾಗಾದರೆ ಮತ್ತೆ ಯಾಕೆ? ಬೆಲೆ ಕಟ್ಟುವ ಖಾಸಗಿ ಸಂಸ್ಥೆಗೆ ಬೇಕು ಅಂದರೆ ವರ್ಷದ ಒಟ್ಟು ತೂಕ, ಒಟ್ಟು ಆದಾಯ ಕೊಟ್ಟರೆ ಆಗುತ್ತದೆ. ಜಾಗದ ವಿವರ ಬೇಕಿಲ್ಲ. ಬೋಟಿನಲ್ಲಿ ದುಡಿದವರ ಹೆಸರು, ಕೂಲಿ ಇದ್ದರೆ ಅದನ್ನೂ ಮುಚ್ಚಿ. ಅದನ್ನು ಕೊಡುವ ಹಕ್ಕು ನಿಮಗಿಲ್ಲ.

ಕೆಲವು ಯೋಜನೆಗಳಲ್ಲಿ ‘ಯಾಕೆ ಬಿಡುತ್ತಿದ್ದೀರಿ’ ಅಂತ ಬರೆಯಲು ಜಾಗ ಇರುತ್ತದೆ. ಜನ ಅಲ್ಲಿ ಮನಸ್ಸು ಬಿಚ್ಚಿಬಿಡುತ್ತಾರೆ. ಕಾಯಿಲೆ, ಸಾಲ, ಮನೆಯ ಜಗಳ ಎಲ್ಲ. ಅದಕ್ಕೆ ಅಂಕ ಇಲ್ಲದಿದ್ದರೆ ಒಂದು ಸಾಲಿನಲ್ಲಿ ಮುಗಿಸಿ. ನಿಮಗೆ ದುಡ್ಡಿನ ತುರ್ತು ಇದೆ ಅಂತ ಕೊಳ್ಳುವವರಿಗೆ ತಿಳಿಯುವುದು ಬಿಡ್ ಮೊತ್ತ ತಿಳಿದಷ್ಟೇ ಕೆಟ್ಟದ್ದು.

ಮರೆಮಾಡುವ ವಿಧಾನದ ಬಗ್ಗೆ ಎಚ್ಚರ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಕೆಳಗಿನ ಅಕ್ಷರ ಅಲ್ಲೇ ಇರುತ್ತದೆ. ಆಯ್ದು ನಕಲು ಮಾಡಿದರೆ ಓದಬಹುದು. ಕಾಗದದ ಪ್ರತಿಯಲ್ಲಿ ಕಪ್ಪು ಮಾಡಿ, ಜೆರಾಕ್ಸ್ ತೆಗೆದು, ಅದನ್ನು ಸ್ಕ್ಯಾನ್ ಮಾಡುವುದೇ ಸುಲಭ ಮತ್ತು ಗಟ್ಟಿ. ಬೋಟಿನ ಫೋಟೋ ಕಳಿಸುವಾಗ ಫೋನಿನ ಕ್ಯಾಮೆರಾ ಸ್ಥಳದ ಗುರುತು ಸೇರಿಸುತ್ತದೆ, ಅದನ್ನು ಆಫ್ ಮಾಡಿ ತೆಗೆಯಿರಿ.

ಹಂತ 6: ಹಣದ ವಾಸನೆ ಹಿಡಿದು ಬರುವ ವಂಚಕರು

ಯೋಜನೆ ಘೋಷಣೆಯಾದ ದಿನದಿಂದ ಎಲ್ಲರಿಗೂ ಒಂದು ವಿಷಯ ಗೊತ್ತು: ಲೈಸೆನ್ಸ್ ಪಟ್ಟಿಯಲ್ಲಿ ಹೆಸರಿರುವವರಿಗೆ ದೊಡ್ಡ ಮೊತ್ತ ಬರಲಿದೆ. ಪಟ್ಟಿ ಸಾರ್ವಜನಿಕ. ವಂಚಕರಿಗೆ ಇನ್ನೇನು ಬೇಕು?

ಹೆಚ್ಚಾಗಿ ಬರುವುದು ‘ನಿಮ್ಮ ಹಣ ಮಂಜೂರಾಗಿದೆ, ಖಾತೆಯ ವಿವರ ದೃಢಪಡಿಸಿ’ ಅನ್ನುವ ಇಮೇಲ್ ಅಥವಾ ಕರೆ. ಇಲಾಖೆಯ ಹೆಸರು, ನಿಮ್ಮ ಬೋಟಿನ ಸಂಖ್ಯೆ ಎಲ್ಲ ಸರಿಯಾಗೇ ಇರುತ್ತದೆ, ಯಾಕೆಂದರೆ ಅದೆಲ್ಲ ಬಯಲಲ್ಲೇ ಇದೆ. ಮೊದಲ ಹಂತದಲ್ಲಿ ಬರೆದ ಹಾಳೆ ಈಗ ನೋಡಿ. ಆ ಹಾಳೆಯಲ್ಲಿರುವ ಯಾವ ವಿವರ ಹೇಳಿದರೂ ಕರೆ ಮಾಡಿದವರು ಇಲಾಖೆಯವರು ಅಂತ ಅರ್ಥ ಅಲ್ಲ. ಮಾತು ನಿಲ್ಲಿಸಿ, ಅರ್ಜಿಯಲ್ಲಿ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ.

ಇನ್ನೊಂದು ಬಗೆ ಇನ್ನೂ ಜಾಣತನದ್ದು. ನಿಮ್ಮ ಇಮೇಲ್ ಒಳಗೆ ನುಗ್ಗಿ, ನಿಮ್ಮ ಹೆಸರಿನಲ್ಲೇ ಇಲಾಖೆಗೆ ‘ನನ್ನ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಬರೆಯುತ್ತಾರೆ. ಇದಕ್ಕೆ ಮದ್ದು ಎರಡು. ಇಮೇಲ್‌ಗೆ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ಅರ್ಜಿಯ ಜೊತೆ ಒಂದು ಪತ್ರ ಇಡಿ: ‘ಖಾತೆ ಬದಲಾವಣೆಯ ಕೋರಿಕೆ ಬಂದರೆ ಈ ಫೋನ್ ನಂಬರಿಗೆ ಕರೆ ಮಾಡಿ ನನ್ನಿಂದ ಖಚಿತ ಮಾಡಿಕೊಳ್ಳದೆ ಬದಲಿಸಬಾರದು.’ ‘ನಾವು ಅರ್ಜಿ ತುಂಬಿಕೊಡುತ್ತೇವೆ, ಬೇಗ ಮಂಜೂರು ಮಾಡಿಸುತ್ತೇವೆ’ ಅನ್ನುವ ಏಜೆಂಟರಿಗೆ ಲಾಗಿನ್ ಪಾಸ್‌ವರ್ಡ್ ಕೊಡುವುದಂತೂ ಬೇಡವೇ ಬೇಡ.

ಹಂತ 7: ಸಮೀಕ್ಷೆ, ಸಭೆ

ಚಿಕ್ಕದಾಗಿ ಹೇಳುತ್ತೇನೆ. ‘ಅನಾಮಧೇಯ ಸಮೀಕ್ಷೆ’ ಅಂತ ಬಂದ ಹಾಳೆಯಲ್ಲಿ ನಿಮ್ಮ ವಯಸ್ಸು, ಬೋಟಿನ ಉದ್ದ, ಬಲೆಯ ಬಗೆ, ಬಂದರು ಕೇಳಿದ್ದರೆ ಅದು ಅನಾಮಧೇಯ ಅಲ್ಲ. ಆ ನಾಲ್ಕೂ ಹೊಂದುವ ಬೋಟು ಒಂದೇ ಇರಬಹುದು. ಉದ್ದಕ್ಕೆ ‘10ರಿಂದ 15 ಮೀಟರ್’ ಅಂತ ಬರೆಯಿರಿ, ಅಥವಾ ಬಿಡಿ. ‘ಎಷ್ಟು ಬೆಲೆಗೆ ಮಾರುತ್ತೀರಿ’ ಅನ್ನುವ ಪ್ರಶ್ನೆಗೆ ಸುತ್ತು ಮುಗಿಯುವವರೆಗೆ ಉತ್ತರ ಕೊಡಬೇಡಿ. ಸಭೆಯಲ್ಲಿ ಹೇಳಿದ್ದು ನಡಾವಳಿಗೆ ಹೋಗುತ್ತದೆ, ನಡಾವಳಿ ಬಯಲಿಗೆ ಬರುತ್ತದೆ.

ಹಂತ 8: ಯಾರಾದರೂ ನಿಮ್ಮ ಕಡತ ಕೇಳಿದರೆ

ಸಾರ್ವಜನಿಕರ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕು ಪತ್ರಕರ್ತರಿಗೂ ಜನರಿಗೂ ಇದೆ. ಇರಬೇಕು ಕೂಡ. ಇಲ್ಲಿ ಖಾಸಗಿತನಕ್ಕೂ ಪಾರದರ್ಶಕತೆಗೂ ನಿಜವಾದ ತಿಕ್ಕಾಟ ಇದೆ, ಯಾವ ಒಂದು ಕಡೆಯೂ ಪೂರ್ತಿ ಸರಿ ಅಂತ ನನಗೆ ಅನ್ನಿಸಿಲ್ಲ.

ಯುರೋಪಿನಲ್ಲಿ ಈ ತಿಕ್ಕಾಟ ಕೋರ್ಟಿಗೇ ಹೋಯಿತು. 2010ರ ನವೆಂಬರ್ 9ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಕೃಷಿ ನೆರವು ಪಡೆದವರ ಪಟ್ಟಿಯ ಬಗ್ಗೆ ತೀರ್ಪು ಕೊಟ್ಟಿತು. ಮೊತ್ತ, ಅವಧಿ ಯಾವುದನ್ನೂ ನೋಡದೆ ಪ್ರತಿಯೊಬ್ಬ ವ್ಯಕ್ತಿಯ ಹೆಸರನ್ನೂ ಹಾಕುವುದು ಅತಿಯಾಯಿತು ಅಂತ ಹೇಳಿತು. ಹಾಗಂತ ಪ್ರಕಟಣೆ ನಿಂತಿಲ್ಲ. 2021ರ ನಿಯಮದ ಪ್ರಕಾರ ಒಕ್ಕೂಟದ ನಿಧಿ ಪಡೆದ ಕೆಲಸಗಳ ಪಟ್ಟಿಯನ್ನು ನಾಲ್ಕು ತಿಂಗಳಿಗೊಮ್ಮೆ ಹೊಸದು ಮಾಡಬೇಕು. ವ್ಯಕ್ತಿಯಾದರೆ ಹೆಸರು, ಮೀನುಗಾರಿಕಾ ನಿಧಿಯದಾದರೆ ಬೋಟಿನ ನೋಂದಣಿ ಸಂಖ್ಯೆ ಹಾಕಬೇಕು. ಆದರೆ ವ್ಯಕ್ತಿಯ ಹೆಸರನ್ನು ಎರಡು ವರ್ಷದ ನಂತರ ತೆಗೆಯಬೇಕು. ಆ ಎರಡು ವರ್ಷ ಮುಗಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ತೆಗೆದಿದ್ದಾರಾ ನೋಡಿ.

ಅಮೆರಿಕದಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ನಾಲ್ಕನೇ ವಿನಾಯಿತಿ ಗೌಪ್ಯ ವ್ಯಾಪಾರ ಮಾಹಿತಿಗೆ, ಆರನೆಯದು ವೈಯಕ್ತಿಕ ವಿಷಯಗಳಿಗೆ. ಕೆನಡಾದಲ್ಲಿ ನಿಮ್ಮ ವ್ಯಾಪಾರದ ಮಾಹಿತಿ ಇರುವ ಕಡತವನ್ನು ಬೇರೆಯವರು ಕೇಳಿ, ಇಲಾಖೆ ಅದನ್ನು ಕೊಡಲು ಹೊರಟರೆ ನಿಮಗೆ ನೋಟಿಸ್ ಬರುತ್ತದೆ. ಉತ್ತರಿಸಲು 20 ದಿನ. ಮೀನು ಹಿಡಿಯಲು ಹೋದವರು ಅಷ್ಟರಲ್ಲಿ ದಡಕ್ಕೆ ಬರದೆಯೂ ಇರಬಹುದು. ಹಾಗಾಗಿ ನೋಟಿಸ್ ಬರುವ ವಿಳಾಸದಲ್ಲಿ ಪತ್ರ ತೆರೆದು ನೋಡುವವರೊಬ್ಬರು ಇರಲಿ. ಬಿಡ್ ಮೊತ್ತ, ಆದಾಯದ ಪುಟಗಳ ಮೇಲೆ ಅರ್ಜಿ ಹಾಕುವಾಗಲೇ ‘ಗೌಪ್ಯ ವ್ಯಾಪಾರ ಮಾಹಿತಿ’ ಅಂತ ಬರೆದಿಡಿ. ಆ ಮುದ್ರೆಯಿಂದ ಮಾತ್ರ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಆದರೆ ಕೊಡಬೇಕೋ ಬೇಡವೋ ಅಂತ ನೋಡುವ ಗುಮಾಸ್ತರು ಆ ಪುಟದಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ನೋಟಿಸಿಗೆ ಉತ್ತರ ಬರೆಯುವಾಗ ‘ನನಗೆ ಇಷ್ಟವಿಲ್ಲ’ ಅಂದರೆ ನಡೆಯುವುದಿಲ್ಲ. ಇದು ಹೊರಬಂದರೆ ಮುಂದಿನ ಸುತ್ತಿನಲ್ಲಿ ಹೀಗೆ ನಷ್ಟ ಆಗುತ್ತದೆ ಅಂತ ಲೆಕ್ಕ ಸಮೇತ ಬರೆಯಿರಿ. ನಾಲ್ಕನೇ ಹಂತದ ಕೂಡಿಸಿ ಕಳೆಯುವ ಉದಾಹರಣೆಯನ್ನು ನಿಮ್ಮ ಬಂದರಿಗೆ ಹೊಂದಿಸಿ ತೋರಿಸಿದರೆ ಇನ್ನೂ ಒಳ್ಳೆಯದು.

ಹಂತ 9: ಹಣ ಬಂದ ಮೇಲೆ, ಅಥವಾ ಬರದೇ ಇದ್ದ ಮೇಲೆ

ನಿಮ್ಮ ಬಗ್ಗೆ ಏನೇನು ಇಟ್ಟುಕೊಂಡಿದ್ದಾರೆ ಅಂತ ಒಂದು ಕೋರಿಕೆ ಹಾಕಿ. ಜಿಡಿಪಿಆರ್ ಇರುವ ಕಡೆ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಕೆನಡಾ, ಆಸ್ಟ್ರೇಲಿಯಾದ ಸರ್ಕಾರಿ ಸಂಸ್ಥೆಗಳಿಗೆ 30 ದಿನ. ಬಿಡ್ ತಿರಸ್ಕಾರವಾದವರು ಇದನ್ನು ತಪ್ಪದೆ ಮಾಡಿ. ಬೆಲೆ ಕಟ್ಟಿದ ಖಾಸಗಿ ಸಂಸ್ಥೆಯ ಹತ್ತಿರ ಇರುವ ಪ್ರತಿಗಳನ್ನು ಅಳಿಸಿದ್ದಾರೆಯೇ ಅಂತಲೂ ಕೇಳಿ. ಸರ್ಕಾರಿ ದಾಖಲೆಯನ್ನು ಅಳಿಸಿ ಅಂದರೆ ಲೆಕ್ಕಪರಿಶೋಧನೆಗೆ ಬೇಕು ಅಂತ ಹೇಳುತ್ತಾರೆ, ಅದು ನಿಜ. ಖಾಸಗಿ ಸಂಸ್ಥೆ ಆ ಕಾರಣ ಹೇಳಲು ಬಂದರೆ ಒಪ್ಪಂದದ ಯಾವ ಅಂಶದಲ್ಲಿದೆ ಅಂತ ತೋರಿಸಲು ಹೇಳಿ.

ಬೋಟನ್ನೂ ಗುಜರಿಗೆ ಹಾಕಬೇಕು ಅಥವಾ ಮಾರಬೇಕು ಅನ್ನುವ ಷರತ್ತು ಇದ್ದರೆ ಅದರೊಳಗಿನ ಯಂತ್ರಗಳನ್ನು ಮರೆಯಬೇಡಿ. ಎಲೆಕ್ಟ್ರಾನಿಕ್ ಲಾಗ್‌ಬುಕ್ ಇದ್ದ ಟ್ಯಾಬ್ಲೆಟ್‌ನಿಂದ ನಿಮ್ಮ ಖಾತೆ ತೆಗೆಯಿರಿ. ವಿಎಂಎಸ್ ಪೆಟ್ಟಿಗೆಯ ಸಂಪರ್ಕ ಕಡಿತಗೊಳಿಸಲು ಇಲಾಖೆಗೆ ಬರೆಯಿರಿ. ಎಐಎಸ್ ಗುರುತಿನ ಸಂಖ್ಯೆ ನಿಮ್ಮ ಹೆಸರಿನಲ್ಲೇ ಉಳಿದರೆ ಹೊಸ ಮಾಲೀಕರು ಎಲ್ಲಿ ಹೋದರೂ ನಕ್ಷೆಯಲ್ಲಿ ನೀವೇ ಹೋದಂತೆ ಕಾಣುತ್ತದೆ, ಅದನ್ನೂ ಬದಲಾಯಿಸಿ. ಕೊನೆಗೆ ಜಿಪಿಎಸ್ ಪ್ಲಾಟರ್, ಅಂದರೆ ಬೋಟಿನಲ್ಲಿ ದಾರಿ ತೋರಿಸುವ ನಕ್ಷೆಯ ಯಂತ್ರ. ಎಲ್ಲಿ ಬಂಡೆ ಇದೆ, ಎಲ್ಲಿ ಮೀನು ಸೇರುತ್ತದೆ ಅಂತ ವರ್ಷಗಟ್ಟಲೆ ಹಾಕಿದ ಗುರುತುಗಳೆಲ್ಲ ಅದರಲ್ಲಿವೆ. ಮೆಮೊರಿ ಕಾರ್ಡಿಗೆ ನಕಲು ಮಾಡಿಕೊಂಡು, ಕಾರ್ಡನ್ನು ಹೊರಗೆ ತೆಗೆದು, ಯಂತ್ರವನ್ನು ಫ್ಯಾಕ್ಟರಿ ರೀಸೆಟ್ ಮಾಡಿ. ಆಮೇಲೆ ಬೋಟಿನ ಕೀಲಿ ಕೊಡಿ.